ಎಳೆದರೆ ಬರಬೇಕು

ನಮ್ಮ ಮೇಜಿನ ಡ್ರಾಯರು ಮಲೆನಾಡಿನ ಮಳೆ ಹಿಡಿದ ದಿನದಿಂದ ಮುಷ್ಕರ ಹೂಡುತ್ತದೆ. ಎಳೆದರೆ ಬಾರದು. ಕಳೆದ ವರ್ಷ ಕರೆಂಟು ಬಿಲ್ಲು ಹುಡುಕಲೆಂದು ಎರಡು ಕೈಯಲ್ಲೂ ಹಿಡಿದು ಜಗ್ಗಿದೆ. ಹಿಡಿಕೆ ಸಮೇತ ಮುಂದಿನ ಹಲಗೆ ನನ್ನ ಕೈಲಿ, ಬಿಲ್ಲು ಒಳಗೆ, ನಾನು ನೆಲದ ಮೇಲೆ. ‘ರೀ, ಏನು ಬಿತ್ತು?’ ಎಂದು ಅಡುಗೆಮನೆಯಿಂದ ದನಿ ಬಂತು. ‘ಡ್ರಾಯರು’ ಎಂದೆ. ಅರ್ಧ ಸತ್ಯ.

ಮೇಜು ಮಾಡಿದ ಪುಣ್ಯಾತ್ಮರು ಮುಂದಿನ ಹಲಗೆಯ ಮುಖಕ್ಕೇ ಮೊಳೆ ಹೊಡೆದು ಪಕ್ಕದ ಹಲಗೆಗಳ ತುದಿಗೆ ಇಳಿಸಿದ್ದರು. ನಾನು ಎಳೆಯುವ ದಿಕ್ಕೂ ಮೊಳೆ ಹೊರಬರುವ ದಿಕ್ಕೂ ಒಂದೇ. ಅಂದರೆ ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿದ್ದುದು ಡ್ರಾಯರು ತೆರೆಯುವ ಕೆಲಸವಲ್ಲ, ಕಂತಿನ ಮೇಲೆ ಮೊಳೆ ಕೀಳುವ ಕೆಲಸ.

ನಿವೃತ್ತನಾದವನಿಗೆ ಹೊತ್ತು ಹೋಗಬೇಕಲ್ಲ, ನಾನೇ ಹೊಸದು ಮಾಡುತ್ತೇನೆಂದು ಹೊರಟೆ. ಯೂಟ್ಯೂಬಿನ ಪಂಡಿತರೆಲ್ಲ ಒಂದೇ ಮಂತ್ರ ಹೇಳಿದರು: ಡವ್‌ಟೇಲ್. ಪಕ್ಕದ ಹಲಗೆಯ ತುದಿಯನ್ನು ಪಾರಿವಾಳದ ಬಾಲದಂತೆ ಅಗಲವಾಗಿ ಕತ್ತರಿಸಿ, ಮುಂದಿನ ಹಲಗೆಯಲ್ಲಿ ಅದಕ್ಕೆ ತಕ್ಕ ಗುಳಿ ತೋಡಿ ಕೂರಿಸುವುದು. ಎಷ್ಟು ಎಳೆದರೂ ಬಾಲದ ಅಗಲವಾದ ತುದಿ ಗುಳಿಯ ಕಿರಿದಾದ ಬಾಯಿ ದಾಟಿ ಬರಲಾರದು. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿ ಸಿಕ್ಕ ಮರದ ಸಾಮಾನುಗಳಲ್ಲೂ ಇಂಥ ಜೋಡಣೆ ಇದೆ. ಮೆದು ಮರಕ್ಕೆ ಆರಕ್ಕೊಂದು, ಗಟ್ಟಿ ಮರಕ್ಕೆ ಎಂಟಕ್ಕೊಂದು ಓರೆ ಎಂಬ ಲೆಕ್ಕವನ್ನೂ ಬಾಯಿಪಾಠ ಮಾಡಿಕೊಂಡೆ.

ಕೈಯಲ್ಲಿ ಬಾಲ ಕೊರೆಯುವ ಕಷ್ಟ ತಪ್ಪಿಸಲು ಅಮೆರಿಕದ ವಿಸ್ಕಾನ್ಸಿನ್‌ನ ನ್ಯಾಪ್ ಎಂಬಾತ 1867ರಲ್ಲೇ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅವನ ಜೋಡಣೆಯಲ್ಲಿ ಬಾಲವಿಲ್ಲ. ಅರ್ಧಚಂದ್ರ, ನಡುವೆ ಒಂದು ಗುಂಡು ಗೂಟ. ನೋಡಲು ಬಲು ಚಂದ. ಆದರೆ ಡವ್‌ಟೇಲನ್ನೇ ಕೊರೆಯುವ ಯಂತ್ರಗಳು ಬಂದು, ಆ ಶತಮಾನ ಮುಗಿಯುವ ಹೊತ್ತಿಗೆ ಅರ್ಧಚಂದ್ರಕ್ಕೇ ಅರ್ಧಚಂದ್ರ ಪ್ರಯೋಗವಾಯಿತು.

ನಾನು ಸಿಲ್ವರ್ ಓಕ್ ತುಂಡಿನ ಮೇಲೆ ಅಭ್ಯಾಸ ಶುರುಮಾಡಿದೆ. ಮೊದಲ ಸಲ ಬಾಲವನ್ನೇ ಕತ್ತರಿಸಿ ಎಸೆದು, ಎಸೆಯಬೇಕಾದ್ದನ್ನು ಜೋಪಾನವಾಗಿ ಉಳಿಸಿಕೊಂಡೆ. ಎರಡನೇ ಸಲ ಬಾಲ ಉಳಿಯಿತು, ಆದರೆ ಸಂದಿನಲ್ಲಿ ಇರುವೆಗಳು ಮೆರವಣಿಗೆ ಹೋಗುವಷ್ಟು ಜಾಗವಿತ್ತು. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದೆ. 1959ರಲ್ಲಿ ಈ ಬಿಳಿ ಅಂಟು ಬರುವ ಮೊದಲು ಬಡಗಿಗಳಿಗೆ ಮರವಜ್ರವೇ ಗತಿ. ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು ಅದು. ಕಾಯಿಸಲು ಇಟ್ಟರೆ ನಮ್ಮಜ್ಜಿ ಮೂಗಿಗೆ ಸೆರಗು ಮುಚ್ಚಿಕೊಂಡು ಒಳಕ್ಕೆ ಹೋಗುತ್ತಿದ್ದರು.

ಒಂದು ದಿನ ಬಡಗಿ ಆಚಾರ್ರು ಬಂದರು. ನನ್ನ ಕೃತಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಮೇಷ್ಟ್ರೇ, ಇದು ಬಾಲವೋ, ಕಿವಿಯೋ?’

ನಾನು ಉತ್ತರಿಸಲಿಲ್ಲ.

‘ಇದರಲ್ಲಿ ಏನಿಡ್ತೀರಿ?’

‘ಬಿಲ್ಲು, ಕನ್ನಡಕ, ಮಾತ್ರೆ.’

‘ಅಷ್ಟಕ್ಕೆ ಇಷ್ಟೆಲ್ಲ ಯಾಕೆ? ಸುತ್ತಿಗೆ, ಸಲಾಕೆ ಇಡೋದಾದ್ರೆ ಸರಿ.’

ಅವರು ಹೇಳಿದ್ದು ಸರಳ. ಮುಂದಿನ ಹಲಗೆಯ ಎರಡೂ ತುದಿಯಲ್ಲಿ ಮೆಟ್ಟಿಲಿನಂತೆ ತೋಡಿ, ಅದರೊಳಗೆ ಪಕ್ಕದ ಹಲಗೆ ಕೂರಿಸಿ, ಅಂಟು ಹಚ್ಚಿ, ಪಕ್ಕದಿಂದ ಬಿದಿರಿನ ಮೊಳೆ ಹೊಡೆಯುವುದು. ಆಗ ಎಳೆತ ಮೊಳೆಗೆ ಅಡ್ಡವಾಗಿ ಬೀಳುತ್ತದೆ. ಮೊಳೆ ಮುರಿಯಬೇಕೇ ಹೊರತು ಜಾರಿ ಬರುವಂತಿಲ್ಲ.

‘ಮಳೆಗಾಲದಲ್ಲಿ ಕಚ್ಚಿಕೊಳ್ಳೋದು?’ ಎಂದೆ.

‘ಅದು ಜಾಯಿಂಟಿನ ತಪ್ಪಲ್ಲ. ಮರ ಉದ್ದಕ್ಕೆ ಉಬ್ಬಲ್ಲ, ಅಗಲಕ್ಕೆ ಉಬ್ಬತ್ತೆ. ಪಕ್ಕದ ಹಲಗೆ ಮೇಲೆ ಒಂಚೂರು ಸಂದು ಬಿಡಿ. ತಳದ ಹಲಗೆ ಕೂರೋಕೆ ಸುತ್ತ ಗಾಡಿ, ಅಂದ್ರೆ ಸಣ್ಣ ಕಾಲುವೆ, ಹೊಡೆದು ಸುಮ್ಮನೆ ತೂರಿಸಿ, ಅಂಟು ಹಾಕ್ಬೇಡಿ. ಅದು ಅಳಿಯ ಇದ್ದಂಗೆ. ಜಾಗ ಕೊಡಬೇಕು, ಅಂಟಿಸಿಕೊಳ್ಳಬಾರದು.’

ನಾಲ್ಕು ತಿಂಗಳು ನಾನು ಚಿಕಿತ್ಸೆ ಕೊಟ್ಟಿದ್ದು ಮೂಲೆಗೆ, ರೋಗ ಇದ್ದದ್ದು ಅಗಲಕ್ಕೆ.

ಬೆಂಗಳೂರಿನ ಮಗಳ ಮನೆಯಲ್ಲಿ ಈ ತಾಪತ್ರಯವೇ ಇಲ್ಲ. ಪ್ಲೈವುಡ್ಡಿಗೆ ಸ್ಕ್ರೂ, ಎರಡೂ ಪಕ್ಕ ಅರ್ಧರ್ಧ ಇಂಚು ಬಿಟ್ಟು ಟೆಲಿಸ್ಕೋಪಿಕ್ ಚಾನಲ್ಲು. ಸಿಟ್ಟಿನಲ್ಲಿ ದಬ್ಬಿದರೂ ಕೊನೆಯ ಎರಡಿಂಚಿನಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಅಂಥ ಅಡುಗೆಮನೆಯಲ್ಲಿ ಗಂಡ ಹೆಂಡಿರು ಹೇಗೆ ಜಗಳವಾಡುತ್ತಾರೋ!

ಕೊನೆಗೆ ಮುಂದುಗಡೆ ಆಚಾರ್ರ ಮೆಟ್ಟಿಲು, ಯಾರ ಕಣ್ಣಿಗೂ ಬೀಳದ ಹಿಂದುಗಡೆ ನನ್ನ ಡವ್‌ಟೇಲ್ ಎಂದು ರಾಜಿಯಾದೆ. ಜಾರುವ ಅಂಚಿಗೆ ಮೇಣದಬತ್ತಿ ಉಜ್ಜಿದೆ. ಈ ಜೂನಿನಲ್ಲಿ ಮಳೆ ಸುರಿಯುತ್ತಿರುವಾಗ ಮತ್ತೆ ಬಿಲ್ಲು ಬೇಕಾಯಿತು. ಹಳೆಯ ಅಭ್ಯಾಸ, ಎರಡು ಕೈಯಲ್ಲೂ ಹಿಡಿದು ಜಗ್ಗಿದೆ. ಬಂತು. ಬಿಲ್ಲು, ಕನ್ನಡಕ, ಮಾತ್ರೆ ಸಮೇತ ಇಡೀ ಡ್ರಾಯರು ನನ್ನ ಎದೆಯ ಮೇಲೆ ಬಂತು. ಹೊರಗೆ ಬೀಳದಂತೆ ಒಂದು ತಡೆಪಟ್ಟಿ ಬೇಕಿತ್ತಂತೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಮೂಲೆಗಳು ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.

‘ರೀ, ಏನು ಬಿತ್ತು?’