ಇಲ್ಲದ ಸಾಲಕ್ಕೆ ಚೌಕಾಸಿ

ಆ ಫೋನು ನಿಮಗೂ ಬಂದಿರುತ್ತೆ, ಸುಮ್ಮನೆ ಇಲ್ಲ ಅನ್ನಬೇಡಿ. ಮುದ್ದೆ ಮುರಿದು ಮೊದಲ ತುತ್ತು ಸಾರಿಗೆ ಅದ್ದುವ ಹೊತ್ತಿಗೆ, ಇಲ್ಲವೇ ಹೊಸದುರ್ಗದ ಬಸ್ಸಿನಲ್ಲಿ ಅಂತೂ ಕಿಟಕಿ ಪಕ್ಕದ ಸೀಟು ಸಿಕ್ಕಿತು ಅನ್ನುವಷ್ಟರಲ್ಲಿ ಅದು ಬರುತ್ತೆ. ಗೊತ್ತಿಲ್ಲದ ನಂಬರು. ಎತ್ತಬಾರದು ಅಂತ ಗೊತ್ತು, ಆದರೂ ಎತ್ತುತ್ತೀವಿ. ನಂಟರಲ್ಲಿ ಯಾರಿಗೋ ಹೆಚ್ಚುಕಮ್ಮಿ ಆಗಿದ್ದರೆ ಅನ್ನೋ ಭಯ, ಎಲ್ಲೋ ಬರೆದ ಲಕ್ಕಿ ಡ್ರಾ ಚೀಟಿ ಹೊಡೆದಿದ್ದರೆ ಅನ್ನೋ ಆಸೆ, ಎರಡೂ ಸೇರಿ ಬೆರಳನ್ನು ತಾವೇ ಎಳಕೊಂಡು ಹೋಗುತ್ತವೆ.

ನನಗೆ ಅದು ಬಂದಾಗ ನಾನು ಮತ್ತೋಡಿನ ಹೋಟೆಲಿನಲ್ಲಿ ಚಾ ಹೀರುತ್ತಾ ಕೂತಿದ್ದೆ. ನನ್ನ ಫೋನಿನಲ್ಲಿ ಕಿವಿಗಿಟ್ಟುಕೊಂಡರೆ ಏನೂ ಕೇಳಿಸುವುದಿಲ್ಲ. ಲೌಡ್ ಸ್ಪೀಕರು ಒಂದೇ ಗಟ್ಟಿಯಾಗಿ ಉಳಿದಿರೋದು. ಹಾಗಾಗಿ ನನ್ನ ಸಂಸಾರದ ಗುಟ್ಟೆಲ್ಲ ಊರಿಗೆ ನನಗಿಂತ ಅರ್ಧ ಸೆಕೆಂಡು ಮೊದಲೇ ತಿಳಿಯುತ್ತೆ. 'ಸರ್, ನಿಮ್ಮ ವಾಷಿಂಗ್ ಮೆಷಿನ್ ಲೋನಿಂದು 11,386 ರೂಪಾಯಿ ಬಾಕಿ ಇದೆ, ಯಾವಾಗ ಕಟ್ತೀರ?' ಅಂತ ಒಬ್ಬ ಹುಡುಗನ ದನಿ. ಹೋಟೆಲಿನವರು ಟಿವಿ ಸದ್ದು ಕಮ್ಮಿ ಮಾಡಿದರು. ನಮ್ಮನೆಯ ವಾಷಿಂಗ್ ಮೆಷಿನ್ ಅಂದರೆ ಬಚ್ಚಲ ಪಕ್ಕದ ಒಗೆಯೋ ಕಲ್ಲು. ನಮ್ಮಪ್ಪ ಹಾಕಿಸಿದ್ದು, ಕಂತಿನ ಮೇಲೇನೂ ತಂದಿರಲಿಲ್ಲ.

'ನಾನು ಯಾವ ಸಾಲವನ್ನೂ ಮಾಡಿಲ್ಲ' ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಆ ಹುಡುಗನ ಗಂಟಲು ಒಣಗಿತ್ತು ನೋಡಿ, ನನಗೆ ಕರುಳು ಚುರ್ ಅಂತು. 'ಊಟ ಆಯ್ತೇನಪ್ಪ?' ಅಂದೆ. 'ಇಲ್ಲ ಸರ್, ಟಾರ್ಗೆಟ್ ಇದೆ' ಅಂದ. 'ಅಯ್ಯೋ, ಮೊದಲು ಊಟ ಮಾಡು, ಇದೆಲ್ಲ ಎಲ್ಲಿಗೆ ಹೋಗುತ್ತೆ, ಸೋಮವಾರ ನೋಡೋಣ ಬಿಡು' ಅಂದೆ. ಸಾಲ ವಸೂಲಿಯ ಕಂಪನಿಗಳಲ್ಲಿ, ಗಿರಾಕಿ ಇಂಥ ದಿನ ಕಟ್ಟುತ್ತೇನೆಂದು ಮಾತು ಕೊಟ್ಟ ಅಂತ ಬರೆದುಕೊಳ್ಳೋಕೆ ಒಂದು ಕಾಲಮ್ಮೇ ಇರುತ್ತದಂತೆ. ಅದರಲ್ಲಿ ನನ್ನ ಹೆಸರಿನ ಮುಂದೆ ಸೋಮವಾರ ಕೂತಿತು. ಫೋನಿಟ್ಟಾಗ ಹೋಟೆಲಿನವರು ಹತ್ತಿರ ಬಂದು, 'ಚಾ ದುಡ್ಡು ಆಮೇಲೆ ಕೊಡೂರಂತೆ ಬಿಡಿ ಸಾ, ಕಷ್ಟ ಎಲ್ಲರಿಗೂ ಬರುತ್ತೆ' ಅಂದರು.

ಸೋಮವಾರ ಸರಿಯಾಗಿ ಹುಡುಗ ಫೋನು ಮಾಡಿದ. 'ಸರ್, ಇವತ್ತು ಅಂದಿದ್ರಿ.' ನಂಬಿ, ನನಗೆ ನಿಜವಾಗಿಯೂ ಸಂಕಟವಾಯಿತು. ಮಾಡದ ಸಾಲದ ಚಿಂತೆಯಲ್ಲ, ಕೊಟ್ಟ ಮಾತಿಗೆ ತಪ್ಪಿದೆನಲ್ಲ ಅಂತ. ಧೈರ್ಯ ತಂದುಕೊಂಡು ಆ ಸಾಲ ನನ್ನದಲ್ಲ ಅಂದೆ. 'ಹಾಗಾದ್ರೆ ವೆರಿಫೈ ಮಾಡೋಣ, ನಿಮ್ಮ ವಿಳಾಸ ಹೇಳಿ ಸರ್' ಅಂದ. ಊರಿನ ಬಗ್ಗೆ ಕೇಳೋರು ಸಿಕ್ಕರೆ ನನ್ನನ್ನು ಹಿಡಿಯೋರಿಲ್ಲ. ಮತ್ತೋಡು ಅಂದರೆ ಪಾಳೇಗಾರರು ಆಳಿದ ಊರು ಕಣಪ್ಪ, ಗಾಜಿನ ಬಳೆಯ ಕುಲುಮೆಗಳು ಉರಿದ ಊರು, ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಸೀಮೆ ನೋಡಿಕೊಂಡು ಬಾ ಅಂತ ಕಳಿಸಿದ ಡಾಕ್ಟರ್ ಬುಕನನ್ 1801ರಲ್ಲಿ ಇಲ್ಲಿಗೂ ಬಂದು ಬಳೆ ಗಾಜು ಕರಗಿಸೋದನ್ನು ಬರೆದುಕೊಂಡು ಹೋದ ಅಂತೆಲ್ಲ ಹೇಳಿದೆ. ಹುಡುಗ ಒಂದು ಸಲವೂ ಬೇಸರಿಸಲಿಲ್ಲ. ಎಲ್ಲ ಮುಗಿದ ಮೇಲೆ 'ಪಿನ್ ಕೋಡ್ ಸರ್?' ಅಂದ. ಅದನ್ನೂ ಕೊಟ್ಟೆ. ಬಸ್ಸಿಳಿದು ಯಾವ ಕಡೆ ತಿರುಗಬೇಕು, ನಮ್ಮ ಗೇಟಿನ ಬಣ್ಣ ಯಾವುದು, ನಾಯಿ ಕಚ್ಚೋದಿಲ್ಲ ಅನ್ನೋದನ್ನೂ ಹೇಳಿದೆ. ಅಲ್ಲಿವರೆಗೆ ಅವರ ಹತ್ತಿರ ಇದ್ದದ್ದು ಬರೀ ಒಂದು ಹೆಸರು, ಒಂದು ನಂಬರು. ಮಿಕ್ಕಿದ್ದೆಲ್ಲ ನನ್ನ ಕೊಡುಗೆ.

ಅದೂ ಸಾಲದು ಅಂತ, 'ನಿಮಗೆ ಪದೇ ಪದೇ ತೊಂದರೆ ಆಗಬಾರದಲ್ಲ ಸರ್, ಇನ್ನೊಂದು ನಂಬರ್ ಇದ್ದರೆ ಕೊಡಿ' ಅಂದಾಗ ಎಷ್ಟು ಒಳ್ಳೆಯ ಹುಡುಗ ಅಂದುಕೊಂಡು ಹಿರಿಯೂರಿನ ನನ್ನ ಭಾವಮೈದುನನ ನಂಬರು ಕೊಟ್ಟೆ. ಸಾಲಗಾರನ ನಂಟರು ಗೆಳೆಯರನ್ನು ಕಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ಹೇಳಿದೆ. ಆದರೆ ನಂಟರ ನಂಬರನ್ನು ಸಾಲಗಾರನೇ ತಟ್ಟೆಯಲ್ಲಿಟ್ಟು ಕೊಟ್ಟರೆ ರಿಸರ್ವ್ ಬ್ಯಾಂಕು ತಾನೇ ಏನು ಮಾಡೀತು? 1933ರಿಂದ ಕಾದು ಕಾದು 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ಸುದ್ದಿಯೂ ಹಿರಿಯೂರಿನಲ್ಲಿ ನನ್ನ ವಾಷಿಂಗ್ ಮೆಷಿನ್ನಿನ ಸುದ್ದಿಯಷ್ಟು ಬೇಗ ಹಬ್ಬಿರಲಿಕ್ಕಿಲ್ಲ. ಸಂಜೆಯೊಳಗೆ ಅತ್ತೆ ಫೋನು ಮಾಡಿ, 'ಮೆಷಿನ್ನು ತಗಂಡಿದ್ದು ಒಳ್ಳೇದೇ ಆತು ಬಿಡಿ, ನಮ್ಮ ಹುಡುಗಿ ಕೈಯೂ ಸವೆದಿತ್ತು' ಅಂತ ಆನಂದಬಾಷ್ಪ ಹಾಕಿದರು. ಇಲ್ಲ ಅತ್ತೆ ಅನ್ನೋಕೆ ಬಾಯಿ ಬರಲಿಲ್ಲ. ಎಷ್ಟು ಕೆಜಿದು ಅಂತ ಕೇಳಿದರು. ಏಳು ಕೆಜಿ ಅಂದೆ.

ಆಗ ಪೇಪರಿನಲ್ಲಿ ನನಗೊಂದು ಅಸ್ತ್ರ ಸಿಕ್ಕಿತು. ಕಿರುಸಾಲದ ವಸೂಲಿಯ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತ್ತಲ್ಲ, ಆ ಸುದ್ದಿಯ ಹಳೇ ಹಾಳೆ ಅಂಗಡಿ ಪೊಟ್ಟಣದ ಜೊತೆ ಬಂದಿತ್ತು. ಎಣ್ಣೆ ಕಲೆ ಬಿದ್ದಿದ್ದರೂ ಓದಿ, ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು, ಫೋನು ಬಂದ ತಕ್ಷಣ ಗುಡುಗಿದೆ: 'ಐದು ವರ್ಷ ಜೈಲು, ಹತ್ತು ಲಕ್ಷ ದಂಡ, ಗೊತ್ತೇನಯ್ಯ?' ಅತ್ತ ಕಡೆಯಿಂದ ಬಹಳ ವಿನಯದ ದನಿ ಬಂತು: 'ಹತ್ತು ವರ್ಷ, ಐದು ಲಕ್ಷ ಸರ್. ಟ್ರೈನಿಂಗಲ್ಲಿ ಹೇಳಿಕೊಟ್ಟಿದಾರೆ.' ಥ್ಯಾಂಕ್ಸ್ ಹೇಳಿದೆ. ಇನ್ನೊಂದು ನಿಯಮವೂ ಓದಿದ್ದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಯವರು ಸಾಲಗಾರನಿಗೆ ಫೋನು ಮಾಡುವ ಹಾಗಿಲ್ಲ. ಅದನ್ನು ಗೋಡೆ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಲ್ಲಿ ಬರೆದು, ಏಳಕ್ಕೆ ಒಂದು ನಿಮಿಷ ಮೀರಲಿ, ಹಿಡೀತೀನಿ ಅಂತ ದಿನಾ ಸಂಜೆ ಫೋನು ಮುಂದಿಟ್ಟುಕೊಂಡು ಕಾಯುತ್ತಿದ್ದೆ. ಹುಡುಗ ಏಳಕ್ಕೆ ಎರಡು ನಿಮಿಷ ಇರುವಾಗ ಮಾಡಿ, ಏಳು ಹೊಡೆಯುವುದರೊಳಗೆ ನಮಸ್ಕಾರ ಹೇಳಿ ಇಟ್ಟುಬಿಡುತ್ತಿದ್ದ.

ಬಾಯಿಮಾತು ಬೇಡ, ಬರವಣಿಗೆಯಲ್ಲಿ ಹೋಗಬೇಕು ಅಂತ ನಿರ್ಧಾರ ಮಾಡಿದೆ. ಇಡೀ ರಾತ್ರಿ ಕೂತು ಅರ್ಜಿ ಬರೆದೆ. 'ಮಾನ್ಯರೇ, ವಿಷಯ: ನಾನು ತಮ್ಮಲ್ಲಿ ಪಡೆದಿರುವ ಸಾಲವು ನನ್ನದಲ್ಲದಿರುವ ಕುರಿತು.' ಕೆಳಗೆ 'ತಮ್ಮ ವಿಧೇಯ ಸಾಲಗಾರ' ಅಂತ ರುಜು. ಸ್ಪೀಡ್ ಪೋಸ್ಟು ಮಾಡಿ, ಅದರ ಜೆರಾಕ್ಸನ್ನು ಹೊಸದುರ್ಗದ ಕೋರ್ಟಿನ ಹತ್ತಿರ ಪರಿಚಯದ ವಕೀಲರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. 1963ರ ಲಿಮಿಟೇಷನ್ ಕಾಯ್ದೆ ಅಂತ ಒಂದಿದೆಯಂತೆ. ಇಂಥ ಸಾಲಕ್ಕೆ ದಾವೆ ಹೂಡೋಕೆ ಮೂರು ವರ್ಷದ ವಾಯಿದೆ. ಆದರೆ ವಾಯಿದೆ ಮುಗಿಯೋದರೊಳಗೆ ಸಾಲ ಇದೆ ಅಂತ ಬರೆದು ರುಜು ಹಾಕಿ ಕೊಟ್ಟರೆ, ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರು. 'ಅವರು ಸಾವಿರ ಸಲ ಫೋನು ಮಾಡಿದರೂ ಸಿಗದ ಕಾಗದ ಇದು, ನೀವೇ ಖರ್ಚು ಹಾಕಿ ಕಳಿಸಿದೀರಿ' ಅಂದರು. ಫೀಸು ತಗೊಳ್ಳಲಿಲ್ಲ. ನನ್ನ ಸ್ಥಿತಿ ನೋಡಿ ಬಸ್ ಚಾರ್ಜು ಕೊಡೋಕೆ ಬಂದರು.

ಇಷ್ಟಕ್ಕೇ ನಿಂತಿದ್ದರೆ ನಿಮ್ಮ ಮುಂದೆ ಹೇಳಿಕೊಳ್ಳೋ ಯೋಗ್ಯತೆ ನನ್ನ ಕಥೆಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬೈಕಿನಲ್ಲಿ ಒಬ್ಬರು ಬಂದರು. ಗೇಟಿನ ಬಣ್ಣ ನೋಡಿ ನೇರ ಒಳಗೆ ಬಂದರು, ನಾಯಿಗೂ ಹೆದರಲಿಲ್ಲ. ಬಿಸಿಲಲ್ಲಿ ಬಂದವರನ್ನು ಯಾರು ಅಂತ ಕೇಳೋದು ನಮ್ಮ ಕಡೆ ಪದ್ಧತಿಯಲ್ಲ. ಎಳನೀರು ಕೆತ್ತಿಕೊಟ್ಟೆ. ಊಟದ ಹೊತ್ತು, ಎಲೆ ಹಾಕಿದೆ. ಎರಡನೇ ಮುದ್ದೆ ಬೇಡ ಅಂದರೂ ಬಿಡದೆ ಬಡಿಸಿದೆ. ಅಡಿಕೆ ಎಲೆ ಕೊಟ್ಟ ಮೇಲೆ ಅವರು ಬಹಳ ಸಂಕೋಚದಿಂದ ಬ್ಯಾಗು ತೆಗೆದು, 'ಸರ್, ನಾನು ಆ ವಾಷಿಂಗ್ ಮೆಷಿನ್ ವಿಷಯಕ್ಕೆ ಬಂದಿದ್ದು' ಅಂದರು. ಮನೆಗೆ ಬಂದು ಹೋದದ್ದಕ್ಕೆ ಸಾಕ್ಷಿಯಾಗಿ ಫೋಟೋ ಹಾಕಬೇಕಂತೆ. ಇಬ್ಬರೂ ಹೊರಗೆ ನಿಂತೆವು. ಫೋಟೋ ಅಂದ ತಕ್ಷಣ ನನಗೆ ತಾನಾಗಿ ನಗು ಬರುತ್ತೆ, ಏನು ಮಾಡಲಿ. ಆ ಫೋಟೋದಲ್ಲಿ ನಾನು ಮಗಳ ಮದುವೆ ಗೊತ್ತಾದ ಬೀಗರ ಹಾಗೆ ಅವರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದೇನೆ.

ಆಮೇಲೆ ಅವರು ಒಂದು ದಾರಿ ಹೇಳಿದರು. ಒಂದೇ ಸಲಕ್ಕೆ ಕಟ್ಟಿದರೆ ಒಂಬತ್ತು ಸಾವಿರಕ್ಕೆ ಸೆಟಲ್ ಮಾಡಿಸ್ತೀನಿ ಅಂತ. ಸಂತೆಯಲ್ಲಿ ಬೆಳೆದ ಜೀವ, ಬೆಲೆ ಕಿವಿಗೆ ಬಿದ್ದರೆ ಸುಮ್ಮನಿರುತ್ತಾ? 'ಒಂಬತ್ತು ಎಲ್ಲಾಯ್ತು ಸ್ವಾಮಿ, ಮೂರು ಮಾಡಿ' ಅಂದೆ. ಅವರು ಏಳು ಅಂದರು. ನಾನು ಎದ್ದು ಹೋಗೋ ಹಾಗೆ ಮಾಡಿದೆ, ನನ್ನದೇ ಜಗಲಿಯಿಂದ. ಕೊನೆಗೆ ನಾಲ್ಕೂವರೆಗೆ ಕುದುರಿತು. ಅರ್ಧಕ್ಕರ್ಧ ದುಡ್ಡು ಉಳಿಸಿದ ಖುಷಿಯಲ್ಲಿ ಮೀಸೆ ತಿರುವುತ್ತಾ ಬೀರು ಕೀಲಿ ಹುಡುಕುವ ಹೊತ್ತಿಗೆ, ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನನ್ನ ಹೆಂಡತಿ ಬಂದಳು. ಎಲ್ಲ ಕೇಳಿದಳು. 'ಇಲ್ಲದ ಸಾಲಕ್ಕೆ ಚೌಕಾಸಿ ಮಾಡಿದ ಗಂಡಸನ್ನ ನಾನು ಇವತ್ತೇ ನೋಡಿದ್ದು ಕಣ್ರೀ' ಅಂದಳು.

ಬಂದವರಿಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು, ಅವಳು ಕೇಳಿದ್ದು ಇಷ್ಟೇ: 'ನಿಮ್ಮ ಐಡಿ ಕಾರ್ಡು ತೋರಿಸಿ ಅಣ್ಣ. ಸಾಲ ಕೊಟ್ಟೋರು ನಿಮಗೆ ವಸೂಲಿಗೆ ಅಂತ ಕೊಟ್ಟ ಪತ್ರ ತೋರಿಸಿ. ಇವರು ರುಜು ಹಾಕಿದ ಕಾಗದ ತೋರಿಸಿ.' ಇಷ್ಟು ದಿನದಲ್ಲಿ ನನಗೆ ಹೊಳೆಯದೇ ಇದ್ದ ಪ್ರಶ್ನೆಗಳು. ಅವರು ಮೊಬೈಲಿನಲ್ಲಿ ಅರ್ಜಿಯ ಹಾಳೆ ತೆಗೆದು ತೋರಿಸಿದರು. ಪ್ಯಾನ್ ನಂಬರು ನನ್ನದೇ. ಅಂಗಡಿ ಬೆಂಗಳೂರಿನದು. ರುಜು ಇಂಗ್ಲಿಷಿನಲ್ಲಿ, ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಒಂದು ಚುಕ್ಕಿ. ನಾನು ಹುಟ್ಟಿದಾಗಿಂದ ಕನ್ನಡದಲ್ಲೇ ರುಜು ಹಾಕೋನು. 'ಎಷ್ಟು ಚೆಂದ ಹಾಕಿದಾನೆ ನೋಡೇ' ಅಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯೋದಿಲ್ಲ. ಬಂದಿದ್ದ ಪುಣ್ಯಾತ್ಮರು ಅದೇ ರುಜು ನೋಡಿ ತಲೆಯಾಡಿಸಿ, 'ಡಿಸ್ಪ್ಯೂಟ್ ಅಂತ ಬರಕೊಂಡು ಹೋಗ್ತೀನಿ ಅಕ್ಕ' ಅಂದು ಹೊರಟರು.

ಪ್ಯಾನ್ ಹೇಗೆ ಹೋಯಿತು ಅಂತೀರಾ? ಛತ್ರಿ ಕೆಳಗೆ ಸಿಮ್ಮು ಮಾರೋರಿಗೆ, ಜಾತ್ರೆಯಲ್ಲಿ ಚೀಟಿ ಬರೆಸಿಕೊಂಡೋರಿಗೆ, ಕೇಳಿದವರಿಗೆ ಕೇಳದವರಿಗೆ ಎಲ್ಲ ಜೆರಾಕ್ಸು ಕೊಟ್ಟಿದ್ದೇನೆ. ಯಾವ ಕೆಲಸಕ್ಕೆ ಅಂತ ಅಡ್ಡಕ್ಕೆ ಒಂದು ಗೆರೆ ಬರೆದವನಲ್ಲ. ಹೆಂಡತಿ ಮಾರನೇ ದಿನ ಹೊಸದುರ್ಗದ ಸೈಬರ್ ಸೆಂಟರಿಗೆ ಎಳಕೊಂಡು ಹೋದಳು. ಕ್ರೆಡಿಟ್ ರಿಪೋರ್ಟು ತೆಗೆಸಿ ಅಂದಳು. ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟನ್ನು ಸಿಬಿಲ್‌ನಂಥ ಕಂಪನಿಗಳು ಪುಕ್ಕಟೆ ಕೊಡಬೇಕು ಅನ್ನೋದು ಅವಳಿಗೆ ಸಂಘದ ಮೀಟಿಂಗಿನಲ್ಲಿ ತಿಳಿದಿತ್ತು. ಅವಳು ನೀರು ಕುಡಿದು ಬರುವಷ್ಟರಲ್ಲಿ ನಾನು ದುಡ್ಡು ಕೊಟ್ಟು ತೆಗೆಸೋ ಗುಂಡಿ ಒತ್ತಿಸಿ, ವರ್ಷಪೂರ್ತಿ ಚಂದಾದಾರನಾಗಿ ಕೂತಿದ್ದೆ. ಅಂತೂ ಅದರಲ್ಲಿ ಆ ಸಾಲ ಕಂಡಿತು. ಸಾಲ ಕೊಟ್ಟ ಕಂಪನಿಗೆ ದೂರು, ಪೊಲೀಸರಿಗೊಂದು ದೂರು, ಸಿಬಿಲ್‌ಗೊಂದು ತಕರಾರು ಹೋಯಿತು. ಮೂವತ್ತು ದಿನದಲ್ಲಿ ಕಂಪನಿ ಸರಿಯಾಗಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದಾರೆ, ಅದಕ್ಕೆ ಫೀಸಿಲ್ಲ, 14448ಕ್ಕೆ ಫೋನು ಮಾಡಿದರೆ ದಾರಿ ಹೇಳ್ತಾರೆ ಅಂತ ಸೆಂಟರಿನ ಹುಡುಗಿ ಬರೆದುಕೊಟ್ಟಳು.

ಜೊತೆಗೆ ಇನ್ನೊಂದು ಮಾತು ಅಂದಳು, ಅದು ನನ್ನ ನಿದ್ದೆ ಕೆಡಿಸಿತು. ರಿಪೋರ್ಟಿನ ತಪ್ಪನ್ನು ಮೂವತ್ತು ದಿನದೊಳಗೆ ಇತ್ಯರ್ಥ ಮಾಡದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ ದೂರು ಕೊಟ್ಟವನಿಗೆ ನೂರು ರೂಪಾಯಿ ಪರಿಹಾರ! ಮನೆಗೆ ಬಂದು ಲೆಕ್ಕ ಹಾಕಿದೆ. ಅವರು ನೂರಾ ಹದಿನಾಲ್ಕು ದಿನ ತಡ ಮಾಡಿದರೆ 11,400. ಅತ್ತೆಗೆ ಹೇಳಿದ ಏಳು ಕೆಜಿ ಮೆಷಿನ್ನು ಬಂದೇ ಬಿಡುತ್ತೆ. ಬಚ್ಚಲ ಪಕ್ಕ ಜಾಗ ಅಳತೆ ಮಾಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ತಡವಾಗಲಪ್ಪ ಅಂತ ದೇವರಿಗೆ ಕೈ ಮುಗಿದೆ. ಆದರೆ ಗ್ರಹಚಾರ ನೋಡಿ, ಮೂವತ್ತು ದಿನ ತುಂಬುವ ಮೊದಲೇ ಆ ಸಾಲ ನನ್ನ ಹೆಸರಿಂದ ಅಳಿಸಿಹೋಯಿತು. ಹೆಂಡತಿ ಪಾಯಸ ಮಾಡಿದಳು. ನಾನು ಬೇಸರದಲ್ಲಿ ಎರಡೇ ಲೋಟ ಕುಡಿದೆ.

ಆದರೂ ಗೆದ್ದದ್ದು ಗೆದ್ದದ್ದೇ ಅಲ್ಲವೇ. ಆ ಹುಡುಗನಿಗೆ ಒಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಊಟ ಮುಗಿಸಿ, ಜಗಲಿ ಮೇಲೆ ಕೂತು, ಬೀದಿಯವರಿಗೂ ಕೇಳಲಿ ಅಂತ ಫೋನನ್ನು ಕಟ್ಟೆಯ ಮೇಲಿಟ್ಟು ನಾನೇ ಮಾಡಿದೆ. ಹುಡುಗನೇ ಎತ್ತಿದ. 'ನೋಡಪ್ಪ, ಆ ವಾಷಿಂಗ್ ಮೆಷಿನ್ ಇತ್ತಲ್ಲ' ಅಂತ ಗಂಟಲು ಸರಿಮಾಡಿಕೊಂಡೆ.

'ಸರ್, ಏಳೂಕಾಲಾಯ್ತು' ಅಂದ ಅವನು ಮೆಲ್ಲಗೆ. 'ಈಗ ಗಿರಾಕಿಗಳ ಹತ್ರ ನಾವು ಮಾತಾಡೋ ಹಾಗಿಲ್ಲ, ರೂಲ್ಸ್ ಇದೆ. ನಾಳೆ ಎಂಟರ ಮೇಲೆ ಮಾಡಿ ಸರ್.'

ಬೀದಿಯೆಲ್ಲ ಕೇಳುವ ಹಾಗೆ ಸಾರಿ ಕಣಪ್ಪ ಅಂದು ಫೋನಿಟ್ಟೆ.