ಆರು ಮನೆಯ ಚಿನ್ನಮ್ಮ

(ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಗೆದ್ದವರ ಕೈಸೇರುವ ಟ್ರೋಫಿ ಈಕೆ. ಎತ್ತರ ಎರಡಡಿ ಚಿಲ್ಲರೆ, ತೂಕ ಸುಮಾರು 16 ಕೆಜಿ. ಗತ್ತು ತಕ್ಕಡಿಗೆ ಸಿಗುವಂಥದ್ದಲ್ಲ.)

ಅಮ್ಮಾ, ನೀವು 130ಕ್ಕೂ ಹೆಚ್ಚು ತಂಡಗಳಿಗೆ ಸೇರಿದವರಂತೆ?

ಹಾಗಂತ ಭಾಷಣದಲ್ಲಿ ಹೇಳ್ತಾರೆ. 2014ರಿಂದ 2023ರವರೆಗೆ ಹತ್ತು ಸೀಸನ್, ನಾನು ಕಂಡದ್ದು ಆರೇ ಮನೆ. ಅಲಬಾಮಾಕ್ಕೆ ಮೂರು ಸಲ, ಕ್ಲೆಮ್ಸನ್‌ಗೂ ಜಾರ್ಜಿಯಾಕ್ಕೂ ಎರಡೆರಡು ಸಲ. ಓಹಿಯೊ ಸ್ಟೇಟ್, ಎಲ್‌ಎಸ್‌ಯು, ಮಿಷಿಗನ್ ಒಂದೊಂದು ಸಲ ಕರೆದುಕೊಂಡು ಹೋದರು.

ಗೆದ್ದವರು ಕರೆದೊಯ್ದರು, ತಪ್ಪೇನು?

ಗೆಲ್ಲೋಕೆ ಮೊದಲು ಆಡಲು ಬಿಡಬೇಕಲ್ಲ! ಆಗ ಪ್ಲೇಆಫ್‌ನಲ್ಲಿ ವರ್ಷಕ್ಕೆ ನಾಲ್ಕೇ ಕುರ್ಚಿ. ಹತ್ತು ವರ್ಷದ ನಲವತ್ತರಲ್ಲಿ ಅಲಬಾಮಾಕ್ಕೆ ಎಂಟು, ಕ್ಲೆಮ್ಸನ್‌ಗೆ ಆರು, ಓಹಿಯೊ ಸ್ಟೇಟ್‌ಗೆ ಐದು, ಒಕ್ಲಹೋಮಾಕ್ಕೆ ನಾಲ್ಕು. ಹಂಚೋರು ಹದಿಮೂರು ಜನರ ಸಮಿತಿ.

ಸೋಲದವರನ್ನು ಸಮಿತಿ ಕರೆಯಲೇಬೇಕಲ್ಲವೆ?

(ನಗು.) 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ಒಂದೂ ಪಂದ್ಯ ಸೋಲಲಿಲ್ಲ, ಕುರ್ಚಿಯೂ ಸಿಗಲಿಲ್ಲ. ಆ ವರ್ಷ ಅಲಬಾಮಾ, ಜಾರ್ಜಿಯಾ ಎರಡನ್ನೂ ಸೋಲಿಸಿದ್ದ ಆಬರ್ನ್ ತಂಡವನ್ನು ಪೀಚ್ ಬೌಲ್‌ನಲ್ಲಿ ಇವರು ಮಣಿಸಿದರು. ಫೈನಲ್ ಆಡಿದ್ದು ಯಾರು ಗೊತ್ತೆ? ಅಲಬಾಮಾ, ಜಾರ್ಜಿಯಾ! ಪಾಪ, ಫ್ಲಾರಿಡಾದ ಹುಡುಗರು ತಾವೇ ಚಾಂಪಿಯನ್ ಅಂತ ಘೋಷಿಸಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಹೊರಟರು. ನಾನಿಲ್ಲದೆ.

ಅದು ಚಿಕ್ಕ ಕಾನ್ಫರೆನ್ಸಿನ, ಅಂದರೆ ಚಿಕ್ಕ ಗುಂಪಿನ, ತಂಡ ಅಂತ ಇರಬಹುದು.

ಸರಿ, 2023ರ ಫ್ಲಾರಿಡಾ ಸ್ಟೇಟ್? ದೊಡ್ಡ ಕುಲವೇ, ಹದಿಮೂರಕ್ಕೆ ಹದಿಮೂರೂ ಗೆಲುವು. ಕ್ವಾರ್ಟರ್‌ಬ್ಯಾಕ್‌ ಕಾಲಿಗೆ ಪೆಟ್ಟಾಗಿದೆ, ತಂಡ ಮೊದಲಿನಂತಿಲ್ಲ ಅಂದರು. ಒಂದು ಸೋತಿದ್ದ ಅಲಬಾಮಾ ಒಳಗೆ ಬಂತು.

ಅಲಬಾಮಾದಲ್ಲಿ ಅಂಥದ್ದೇನಿದೆ?

ಕೋಚ್ ನಿಕ್ ಸೇಬನ್ ಇದ್ದರು. ಅಲ್ಲೇ ಆರು ಪಟ್ಟ ಗೆದ್ದರು, ನಾನು ಹುಟ್ಟುವ ಮೊದಲೇ ಮೂರು. ಕಸುಬು ಗೊತ್ತಿದ್ದ ಮನುಷ್ಯ, ಒಪ್ಪಿಕೊಳ್ಳೋಣ. ಆದರೂ ಹೈಸ್ಕೂಲಿನ ಚುರುಕು ಹುಡುಗ ಎಲ್ಲಿಗೆ ಹೋಗ್ತಾನೆ? ಗೆಲ್ಲೋ ಮನೆಗೆ. ಅವನು ಹೋದದ್ದಕ್ಕೇ ಆ ಮನೆ ಮತ್ತೆ ಗೆಲ್ಲುತ್ತೆ. ಗೆದ್ದವರ ಆಟವನ್ನೇ ಟಿವಿಯವರು ತೋರಿಸ್ತಾರೆ. ದುಡ್ಡಿಗೆ ದಾರಿ ಹೇಳಿಕೊಡಬೇಕೆ?

ಹಾಗಾದರೆ ದುಡ್ಡಿದ್ದರೆ ನೀವು ಸಿಗ್ತೀರಿ!

ಟೆಕ್ಸಸ್ ಎ ಅಂಡ್ ಎಂ ಅನ್ನು ಕೇಳಿ. 2023ರಲ್ಲಿ ಕೋಚನ್ನು ತೆಗೆದುಹಾಕಿ, ಒಪ್ಪಂದದಂತೆ 7.5 ಕೋಟಿ ಡಾಲರ್‌ಗೂ ಹೆಚ್ಚು ಕೊಡಲು ಹೊರಟರು. ನನ್ನನ್ನು ಮನೆಗೆ ಕರೆತರದ ಕೋಚ್‌ಗೆ ಇಷ್ಟು ದುಡ್ಡು! ಆಡೋ ಹುಡುಗರು ತಮ್ಮ ಹೆಸರಿನಿಂದ ನಾಲ್ಕು ಕಾಸು ದುಡಿಯಲು 2021ರವರೆಗೆ ಕಾಯಬೇಕಾಯಿತು.

2024ರಿಂದ ಹನ್ನೆರಡು ಕುರ್ಚಿ ಆಯಿತಲ್ಲ?

ಆಯಿತು. ಬೊಯಿಸಿ ಸ್ಟೇಟ್‌ನಂಥವರೂ ಬಂದು ಕೂತರು. ಆ ವರ್ಷ ನನ್ನನ್ನು ಎತ್ತಿಕೊಂಡು ಹೋದದ್ದು ಓಹಿಯೊ ಸ್ಟೇಟ್.

ಹೊಸಬರ ಕೈಗೆ ಸಿಕ್ಕರೆ ಒಡೆದುಹೋದೇನು ಅಂತ ಭಯವೇ?

ನಮ್ಮಕ್ಕ ಒಬ್ಬಳಿದ್ದಳು, ನನಗಿಂತ ಮೊದಲಿನ ಟ್ರೋಫಿ, ಸ್ಫಟಿಕದ ಚೆಂಡು. 2012ರಲ್ಲಿ ಆಟಗಾರನೊಬ್ಬನ ಅಪ್ಪ ಎಡವಿ, ಅವಳು ಬಿದ್ದು ಚೂರಾದಳು. ಅದೂ ಅಲಬಾಮಾ ಮನೆಯಲ್ಲೇ ರೀ!