ಬ್ಯಾಕಪ್ ಪ್ರಮಾಣ ವಿಚಾರ

ಪೀಠಿಕೆ: ಡೇಟಾಬೇಸ್ ಕಾಯುವ ಕುಲವನ್ನು ಲೋಕವು ಡಿಬಿಎ ಎಂದು ಕರೆಯುತ್ತದೆ. ಈ ಕುಲದ ಮೂಲಾಚಾರ್ಯರು ಎಡ್ಗರ್ ಕಾಡ್. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಇವರು, ಸಕಲ ಮಾಹಿತಿಯನ್ನೂ ಕೋಷ್ಟಕಗಳಿಗೆ ಇಳಿಸಬಹುದೆಂದು 1970ರಲ್ಲಿ ಬರೆದರು. 1985ರಲ್ಲಿ ಹನ್ನೆರಡು ನಿಯಮಗಳನ್ನು ಅನುಗ್ರಹಿಸಿದರು. ಎಣಿಸಿದರೆ ಹದಿಮೂರು, ಎಣಿಕೆ ಸೊನ್ನೆಯಿಂದ ಶುರು. ಬುಡದಲ್ಲೇ ಲೆಕ್ಕ ಹೀಗಿದ್ದ ಮೇಲೆ ಶಿಷ್ಯರನ್ನು ದೂರಿ ಫಲವಿಲ್ಲ.

ಪ್ರಮಾಣ ಪ್ರಕರಣ: ಬ್ಯಾಕಪ್ ಇದೆಯೆಂಬುದಕ್ಕೆ ಪ್ರಮಾಣವೇನು?

ಸೂತ್ರ 1: ಶಬ್ದಪ್ರಮಾಣವು ದುರ್ಬಲ.
ಭಾಷ್ಯ: ‘ಇದೆ ಸಾರ್, ರಾತ್ರಿ ಎರಡು ಗಂಟೆಗೆ ಓಡತ್ತೆ’ ಎಂಬುದು ಆಪ್ತವಾಕ್ಯ. ಓಡುವುದು ನಿಜ. ಎಲ್ಲಿಗೆ ಎಂಬ ವಿಷಯದಲ್ಲಿ ಆಪ್ತರು ಮೌನಿಗಳು.

ಸೂತ್ರ 2: ಅನುಮಾನವು ಶಂಕಾಸ್ಪದ.
ಭಾಷ್ಯ: ಹೊಗೆ ಕಂಡಲ್ಲಿ ಬೆಂಕಿ, ಹಾಗೆಯೇ ದೂರಿನ ಮೇಲ್ ಬಾರದಲ್ಲಿ ಬ್ಯಾಕಪ್ ಎಂಬುದು ಪೂರ್ವಪಕ್ಷ. ಇದು ಮುರಿದುಬಿದ್ದದ್ದು 2017ರ ಜನವರಿ 31ರಂದು, ಗಿಟ್‌ಲ್ಯಾಬ್‌ನಲ್ಲಿ. ಇಂಜಿನಿಯರೊಬ್ಬರು ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಡೈರೆಕ್ಟರಿಯನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಎದೆ ಧಸಕ್ಕೆಂದು ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿ ಹೋದರೆ ಎಸ್3 ಬಕೆಟ್ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ತೆಗೆಯುವ ಟೂಲ್ 9.2, ಎರಡಕ್ಕೂ ಹೊಂದಿಕೆಯಾಗದೆ ಕೆಲಸ ಫೇಲಾಗುತ್ತಲೇ ಇತ್ತು. ಫೇಲಾಯಿತೆಂದು ಸಾರುವ ಇಮೇಲನ್ನು ಮೇಲ್ ಸರ್ವರು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿತ್ತು. ಕೊನೆಗೆ ಮಾನ ಉಳಿಸಿದ್ದು, ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್. ಅಷ್ಟಾಗಿಯೂ ಆ ಸಂಸ್ಥೆ ಏನನ್ನೂ ಮುಚ್ಚಿಡದೆ, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಅಂದಿನಿಂದ ಈ ಕುಲದಲ್ಲಿ ಇದು ನಿತ್ಯಪಾರಾಯಣದ ಕಥೆ.

ಸೂತ್ರ 3: ಪ್ರತ್ಯಕ್ಷವೇ ಪ್ರಮಾಣ; ರೀಸ್ಟೋರೇ ಪ್ರತ್ಯಕ್ಷ.
ಭಾಷ್ಯ: ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪನ್ನು ಬೇರೆ ಸರ್ವರಿಗೆ ಇಳಿಸಿ, ಡೇಟಾಬೇಸ್ ಎದ್ದಿತೇ ನೋಡಿ, ದೊಡ್ಡ ಟೇಬಲ್ಲುಗಳ ಸಾಲು ಎಣಿಸಿ, ಹಿಡಿದ ಹೊತ್ತನ್ನು ಬರೆದಿಡತಕ್ಕದ್ದು. ಇಳಿಸಿ ನೋಡದ ಬ್ಯಾಕಪ್ಪಿಗೆ ಶಾಸ್ತ್ರದಲ್ಲಿ ‘ಹರಕೆ’ ಎಂದು ಹೆಸರು.

ನಿಷೇಧ ಪ್ರಕರಣ: ವೇರ್ ಇಲ್ಲದ ಡಿಲೀಟ್ ಮಹಾಪಾತಕ. ಮೊದಲು ಅದೇ ವೇರ್ ಹಚ್ಚಿ ಸೆಲೆಕ್ಟ್ ಓಡಿಸಿ, ಎಷ್ಟು ಸಾಲು ಬಂತೆಂದು ನೋಡಿ, ಟ್ರಾನ್ಸಾಕ್ಷನ್ ತೆರೆದೇ ಕೈ ಹಾಕಬೇಕು. ಮೈಎಸ್‌ಕ್ಯುಎಲ್ ಈ ಪಾತಕವನ್ನು ತಡೆಯುವ ಒಂದು ಆಯ್ಕೆಯನ್ನು ಇಟ್ಟಿದೆ. ಅದರ ಇನ್ನೊಂದು ಹೆಸರು ‘ಐ ಆ್ಯಮ್ ಎ ಡಮ್ಮಿ’. ಪ್ರಾಣ ಉಳಿಯುತ್ತದೆ, ಆದರೆ ಆ ಹೆಸರಿನಿಂದ ಕರೆದರೆ ದಡ್ಡನೆಂದು ತನ್ನ ಕೈಯಿಂದಲೇ ಟೈಪಿಸಿಕೊಳ್ಳಬೇಕು. ಹಾಗಾಗಿ ಪಂಡಿತರು ಇದನ್ನು ಬಳಸುವುದಿಲ್ಲ. ಪಾತಕಗಳೂ ಹೆಚ್ಚಾಗಿ ಪಂಡಿತರಿಂದಲೇ ನಡೆಯುತ್ತವೆ.

ಸಂಘ ಪ್ರಕರಣ: ಆರಕಲ್, ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್ ಎಂಬ ಮಠಗಳು ಬೇರೆಬೇರೆ. ಬೆಂಗಳೂರಿನ ಪಿಜಿಕಾನ್ಫ್ ಇಂಡಿಯಾದಂಥ ಜಾತ್ರೆಗಳಲ್ಲಿ ಆಯಾ ಮಠದ ಭಕ್ತರು ಕೂಡುತ್ತಾರೆ. ಮತಭೇದ ಎಷ್ಟೇ ಇರಲಿ, ‘ಇಲ್ಲಿ ಇಂಡೆಕ್ಸ್ ಹಾಕಲೇ?’ ಎಂದು ಕೇಳಿದರೆ ಎಲ್ಲ ಮಠದಿಂದಲೂ ಬರುವ ಉತ್ತರ ಒಂದೇ: ‘ಇಟ್ ಡಿಪೆಂಡ್ಸ್.’ ಇದು ಜೈನರ ಸ್ಯಾದ್ವಾದದ ಶಾಖೆಯೆಂದು ನಮ್ಮ ಮತ. ಓದು ಹೆಚ್ಚಿರುವ ಟೇಬಲ್ಲಿಗೆ ಇಂಡೆಕ್ಸ್ ಉಪಕಾರಿ. ಬರೆಹ ಹೆಚ್ಚಿರುವಲ್ಲಿ ಪ್ರತಿ ಇನ್ಸರ್ಟಿಗೂ ಸುಂಕ. ಊಟದ ಸಾಲಿನಲ್ಲಿ ಮಾತ್ರ ಅನೇಕಾಂತಕ್ಕೆ ಜಾಗವಿಲ್ಲ. ಅಪ್ಲಿಕೇಷನ್ ಯಾಕೆ ನಿಧಾನವೆಂದರೆ ಡೆವಲಪರು ‘ಡಿಬಿ ಸ್ಲೋ’ ಎನ್ನುತ್ತಾರೆ, ಡಿಬಿಎಗಳು ‘ನಿಮ್ಮ ಕ್ವೆರಿ ನೋಡ್ಕೊಳ್ಳಿ’ ಎನ್ನುತ್ತಾರೆ, ಇಬ್ಬರೂ ಸೇರಿ ನೆಟ್‌ವರ್ಕಿನವರನ್ನು ಹುಡುಕುತ್ತಾರೆ.

ಫಲಶ್ರುತಿ: ಈ ಪ್ರಬಂಧವನ್ನು ಓದಿ, ಮೂರನೇ ಸೂತ್ರವನ್ನು ತಪ್ಪದೆ ಆಚರಿಸುವ ಡಿಬಿಎಗೆ ಶುಕ್ರವಾರ ರಾತ್ರಿ ಫೋನ್ ಬಂದರೂ ಕೈ ನಡುಗುವುದಿಲ್ಲ. ಡೇಟಾ ಕಳೆಯುವುದಿಲ್ಲ, ಕಂಪನಿ ಪೇಪರಿನಲ್ಲಿ ಬರುವುದಿಲ್ಲ. ಮಾರ್ಚ್ ತಿಂಗಳ ಅಪ್ರೈಸಲ್ಲಿನಲ್ಲಿ ಮ್ಯಾನೇಜರು ಎದುರು ಕೂರಿಸಿಕೊಂಡು, ‘ಈ ವರ್ಷ ಡಿಬಿ ಕಡೆ ಅಂಥಾ ಕೆಲಸ ಏನೂ ಇರಲಿಲ್ಲ ಅಲ್ವಾ?’ ಎನ್ನುತ್ತಾರೆ.